ಹಗುರ ಅನ್ನೋದು ಕೊನೇ ಕಾಲಂ: ಟ್ರ್ಯಾಕ್ ಕಾರಿಗೆ ವೀಲ್ ಆರಿಸೋ ಪಾಠ

ನಮ್ಮ ಡಿಪಾರ್ಟ್‌ಮೆಂಟಿನ ಸೀನಿಯರ್ ಒಬ್ಬರು ಈಗ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಕೆಲಸದಲ್ಲಿದ್ದಾರೆ. ಅಲ್ಲಿ ಸೆಕೆಂಡ್ ಹ್ಯಾಂಡ್ ಮಾಜ್ದಾ ಎಂಎಕ್ಸ್-5 ತಗೊಂಡಿದ್ದಾರೆ. ಎರಡೇ ಸೀಟು, ಮಡಚೋ ಬಟ್ಟೆ ಟಾಪು, ಎಂಜಿನ್ ಮುಂದೆ, ತಳ್ಳೋದು ಹಿಂದಿನ ಚಕ್ರ. ವಾರವಿಡೀ ಅದರಲ್ಲೇ ಆಫೀಸು. ತಿಂಗಳಿಗೊಂದು ದಿನ ಬ್ರಾಂಡ್ಸ್ ಹ್ಯಾಚ್ ಥರದ ರೇಸ್ ಟ್ರ್ಯಾಕಿಗೆ ಹೋಗಿ ದುಡ್ಡು ಕಟ್ಟಿ ಅದೇ ಕಾರನ್ನ ಓಡಿಸ್ತಾರೆ. ರೇಸ್ ಅಲ್ಲ, ಕಪ್ ಇಲ್ಲ. ಇದಕ್ಕೆ ಅಲ್ಲಿ ಟ್ರ್ಯಾಕ್ ಡೇ ಅಂತಾರೆ.

ಕಳೆದ ಸೆಮಿಸ್ಟರ್ ರಜೆಯಲ್ಲಿ ಅಣ್ಣನ ಮೆಸೇಜ್ ಬಂತು. "ಹಗುರವಾದ ಕಸ್ಟಮ್ ವೀಲ್ ಹಾಕಿಸೋಣ ಅಂತಿದೀನಿ. ಡೈನಾಮಿಕ್ಸ್ ಓದಿದೀರಲ್ಲ, ಲೆಕ್ಕ ಹಾಕಿ ಒಂದು ಲಿಸ್ಟ್ ಕೊಡ್ರೋ." ನಾವು ಮೂವರು ಕೂತು ಒಂದೇ ರಾತ್ರಿಯಲ್ಲಿ 22 ವೀಲ್‌ಗಳ ಸ್ಪ್ರೆಡ್‌ಶೀಟ್ ಮಾಡಿದ್ವಿ. ತೂಕದ ಕಾಲಂ ಹಿಡಿದು ಸಾರ್ಟ್ ಮಾಡಿ, ಎಲ್ಲಕ್ಕಿಂತ ಹಗುರದ್ದಕ್ಕೆ ಹಳದಿ ಬಣ್ಣ ಹಾಕಿ ಹೆಮ್ಮೆಯಿಂದ ಕಳಿಸಿದ್ವಿ.

ಅಣ್ಣನ ಉತ್ತರ ಒಂದೇ ಸಾಲು: "ಲೋಡ್ ರೇಟಿಂಗ್ ಕಾಲಂ ಎಲ್ಲಿ?"

ಆ ಕಾಲಂ ಇರಲೇ ಇಲ್ಲ. ಹುಡುಕಿದಾಗ ಗೊತ್ತಾಯ್ತು, ನಾವು ಹಳದಿ ಬಳಿದಿದ್ದ ವೀಲ್ ತೀರಾ ಪುಟ್ಟ ರೇಸ್ ಕಾರುಗಳಿಗೆ ಅಂತಲೇ ಮಾಡಿದ್ದು. ಒಂದು ವೀಲ್ ಹೊರಬಹುದಾದ ಭಾರ 290 ಕೆಜಿ. ಅಣ್ಣನ ಕಾರಿಗೆ ಅದು ಸಾಲಲ್ಲ. ನಾವು ಪರೀಕ್ಷೆಯಲ್ಲಿ ತಪ್ಪು ಬರೆದ್ರೆ ಮಾರ್ಕ್ಸ್ ಹೋಗತ್ತೆ, ಅಷ್ಟೇ. ಅಣ್ಣ ನಮ್ಮನ್ನ ನಂಬಿ ಆರ್ಡರ್ ಮಾಡಿದ್ದಿದ್ರೆ? ಆ ಪ್ರಶ್ನೆ ನಮಗೆ ಎರಡು ದಿನ ನಿದ್ದೆ ಕೆಡಿಸ್ತು. ಆಮೇಲೆ ಶೀಟ್ ಅಳಿಸಿ ಮೊದಲಿಂದ ಶುರು ಮಾಡಿದ್ವಿ. ಈ ಲೇಖನ ಆ ಎರಡನೇ ಶೀಟಿನ ಕಥೆ.

ಒಂದು ಮಾತು ಮೊದಲೇ ಹೇಳಿಬಿಡ್ತೀವಿ. ಇಲ್ಲಿ ವೀಲ್ ಅಂದ್ರೆ ಲೋಹದ ಭಾಗ ಮಾತ್ರ, ನಾವೆಲ್ಲ ಅಲಾಯ್ ಅನ್ನೋದು. ಟೈರ್ ಬೇರೆ. ಎರಡೂ ಸೇರಿದ್ರೆ ಚಕ್ರ.

ಒಂದು ಕೆಜಿ ಹತ್ತು ಕೆಜಿ ಆಗತ್ತಾ?

ಕಾರಿನ ಹುಚ್ಚು ಇರೋರ ಬಾಯಲ್ಲಿ ಒಂದು ಮಾತು ಓಡಾಡ್ತಿರತ್ತೆ: ಚಕ್ರದಲ್ಲಿ ಒಂದು ಕೆಜಿ ಇಳಿಸಿದ್ರೆ ಬಾಡಿಯಲ್ಲಿ ಹತ್ತು ಕೆಜಿ ಇಳಿಸಿದ ಹಾಗೆ. ಕೆಲವರು ನಾಲ್ಕು ಅಂತಾರೆ, ಕೆಲವರು ಎಂಟು. ನಾವೂ ನಂಬಿದ್ವಿ. ನಂಬಿದ್ದಕ್ಕೇ ತೂಕದ ಮೇಲೆ ಸಾರ್ಟ್ ಮಾಡಿದ್ದು. ಆದ್ರೆ ಇದನ್ನ ಪರೀಕ್ಷೆ ಮಾಡೋಕೆ ಬೇಕಾಗಿರೋದು ಪಿಯುಸಿ ಫಿಸಿಕ್ಸ್ ಮಾತ್ರ.

ಉರುಳ್ತಾ ಇರೋ ಚಕ್ರಕ್ಕೆ ಎರಡು ಥರ ಚಲನ ಶಕ್ತಿ ಇರತ್ತೆ. ಒಂದು, ಕಾರಿನ ಜೊತೆ ಮುಂದೆ ಹೋಗೋದಕ್ಕೆ. ಇನ್ನೊಂದು, ತನ್ನ ಸುತ್ತ ತಾನು ತಿರುಗೋದಕ್ಕೆ. ಎರಡನ್ನೂ ಕೂಡಿಸಿದ್ರೆ ಚಕ್ರದ ತೂಕ ಇಷ್ಟು ಪಟ್ಟು ಜಾಸ್ತಿ ಇರೋ ಹಾಗೆ ವರ್ತಿಸತ್ತೆ:

1 + (ಕೆ ÷ ಆರ್)²

ಇಲ್ಲಿ ಆರ್ ಅಂದ್ರೆ ಟೈರಿನ ಹೊರಗಿನ ತ್ರಿಜ್ಯ. ಕೆ ಅಂದ್ರೆ ರೇಡಿಯಸ್ ಆಫ್ ಜೈರೇಶನ್, ಅಂದ್ರೆ ತೂಕವೆಲ್ಲ ಒಂದೇ ಉಂಗುರದಲ್ಲಿ ಕೂತಿದೆ ಅಂದ್ಕೊಂಡ್ರೆ ಆ ಉಂಗುರ ಮಧ್ಯದಿಂದ ಎಷ್ಟು ದೂರ ಅನ್ನೋದು. ಚಕ್ರದ ಯಾವ ಭಾಗವೂ ಟೈರಿನ ಹೊರ ಅಂಚು ದಾಟಿ ಆಚೆ ಇರೋಕೆ ಆಗಲ್ಲ. ಹಾಗಾಗಿ ಕೆ ಯಾವತ್ತೂ ಆರ್‌ಗಿಂತ ದೊಡ್ಡದಾಗಲ್ಲ. ಅಂದ್ರೆ ಆ ಗುಣಾಂಕ 2 ದಾಟೋದೇ ಇಲ್ಲ. ಹತ್ತೂ ಇಲ್ಲ, ನಾಲ್ಕೂ ಇಲ್ಲ. ಎರಡಕ್ಕಿಂತ ಕಮ್ಮಿ.

ಈಗ ಅಣ್ಣನ ಕಾರಿನ ಸಂಖ್ಯೆ ಹಾಕೋಣ. 17 ಇಂಚಿನ ವೀಲ್, 205/45 ಟೈರ್. ಇದರ ವ್ಯಾಸ 616 ಮಿಮೀ, ತ್ರಿಜ್ಯ ಸುಮಾರು 0.31 ಮೀಟರ್. ವೀಲ್‌ನ ಕೆ ಸುಮಾರು 0.18 ಮೀಟರ್ ಅಂತ ಹಿಡಿದ್ರೆ ಗುಣಾಂಕ 1.34. ಒಂದೊಂದು ವೀಲ್‌ನಲ್ಲಿ 2 ಕೆಜಿ ಉಳಿಸಿದ್ವಿ ಅನ್ಕೊಳ್ಳಿ. ನಾಲ್ಕಕ್ಕೆ 8 ಕೆಜಿ. ಅದನ್ನ 1.34ರಿಂದ ಗುಣಿಸಿದ್ರೆ 10.7 ಕೆಜಿ. ಡ್ರೈವರ್ ಸೇರಿ ಕಾರು ಸುಮಾರು 1,100 ಕೆಜಿ. ಲಾಭ ಒಂದು ಪರ್ಸೆಂಟ್ ಹತ್ತಿರ. ನಿಂತಲ್ಲಿಂದ ನೂರು ಕಿಲೋಮೀಟರ್ ವೇಗ ಮುಟ್ಟೋಕೆ 7 ಸೆಕೆಂಡ್ ಬೇಕಾದ್ರೆ, ಈಗ 0.07 ಸೆಕೆಂಡ್ ಬೇಗ ಮುಟ್ಟಬಹುದು.

10.7 ಕೆಜಿ ಅಂದ್ರೆ ಸುಮಾರು 14 ಲೀಟರ್ ಪೆಟ್ರೋಲ್. ಟ್ಯಾಂಕ್ ಫುಲ್ ಮಾಡಿಸದೆ ಟ್ರ್ಯಾಕಿಗೆ ಹೋದ್ರೂ ಇದೇ ಲಾಭ, ಅದೂ ಬಿಟ್ಟಿ!

ಇದೇ ಸೂತ್ರ ಇನ್ನೊಂದು ವಿಷಯ ಹೇಳತ್ತೆ, ಅದನ್ನ ಯಾರೂ ನಮಗೆ ಹೇಳಿರಲಿಲ್ಲ. ತೂಕ ಎಷ್ಟು ಅನ್ನೋದರ ಜೊತೆ ಎಲ್ಲಿ ಅನ್ನೋದೂ ಮುಖ್ಯ. ಮಧ್ಯದ ಹಬ್ ಹತ್ತಿರ ಇರೋ ಒಂದು ಕೆಜಿ ಬರೀ ಒಂದು ಕೆಜಿಯ ಹಾಗೇ ವರ್ತಿಸತ್ತೆ. ರಿಮ್ ಅಂಚಿನಲ್ಲಿರೋ ಒಂದು ಕೆಜಿ ಸುಮಾರು 1.5 ಆಗತ್ತೆ. ಟೈರಿನ ಟ್ರೆಡ್‌ನಲ್ಲಿರೋ ಒಂದು ಕೆಜಿ 1.94 ಆಗತ್ತೆ. ಅಂದ್ರೆ ಟೈರ್‌ನಲ್ಲಿ ಒಂದು ಕೆಜಿ ಉಳಿಸೋದು ವೀಲ್‌ನಲ್ಲಿ ಉಳಿಸೋದಕ್ಕಿಂತ ಜಾಸ್ತಿ ಲಾಭ. ವೀಲ್‌ಗೆ ರಾಶಿ ದುಡ್ಡು ಸುರಿದು, ಭಾರದ ಟೈರ್ ಹಾಕಿಸಿದ್ರೆ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ಕೊಂಡ ಹಾಗೆ.

ಹಾಗಾದ್ರೆ ಹಗುರ ಯಾಕೆ ಬೇಕು?

ಬೇಕು. ಕಾರಣ ಮಾತ್ರ ಬೇರೆ.

ಕಾರಿನ ಬಾಡಿ ಸ್ಪ್ರಿಂಗ್ ಮೇಲೆ ಕೂತಿರತ್ತೆ. ಚಕ್ರ, ಬ್ರೇಕ್, ಹಬ್ ಇವೆಲ್ಲ ಸ್ಪ್ರಿಂಗ್ ಕೆಳಗೆ ಇರತ್ತೆ. ಈ ಕೆಳಗಿನ ಭಾರಕ್ಕೆ ಅನ್‌ಸ್ಪ್ರಂಗ್ ಮಾಸ್ ಅಂತಾರೆ. ಟ್ರ್ಯಾಕಿನ ತಿರುವಿನ ಅಂಚಿನಲ್ಲಿ ಬಣ್ಣ ಬಳಿದ ಕರ್ಬ್ ಇರತ್ತಲ್ಲ, ಅದರ ಮೇಲೆ ಹತ್ತಿದಾಗ ಚಕ್ರ ಮೇಲೆ ಹಾರತ್ತೆ. ಎಷ್ಟು ಬೇಗ ವಾಪಸ್ ಬಂದು ನೆಲ ಕಚ್ಚತ್ತೋ ಅಷ್ಟು ಬೇಗ ಹಿಡಿತ ಸಿಗತ್ತೆ. ಗಾಳಿಯಲ್ಲಿರೋ ಟೈರು ಕಾರನ್ನ ತಿರುಗಿಸಲ್ಲ.

ಇದನ್ನ ನಮ್ಮ ವೈಬ್ರೇಶನ್ಸ್ ಪಾಠದ ಸ್ಪ್ರಿಂಗ್-ಮಾಸ್ ಲೆಕ್ಕದ ಹಾಗೇ ನೋಡಬಹುದು. ಟೈರೂ ಒಂದು ಸ್ಪ್ರಿಂಗ್ ತಾನೇ. ಟೈರಿನ ಬಿಗಿ ಒಂದು ಮಿಲಿಮೀಟರಿಗೆ 200 ನ್ಯೂಟನ್, ಸಸ್ಪೆನ್ಶನ್ನಿನದು 25 ಅಂತ ಊಹೆ ಮಾಡಿ. ಒಂದು ಮೂಲೆಯ ಅನ್‌ಸ್ಪ್ರಂಗ್ ಭಾರ 32 ಕೆಜಿ ಇದ್ರೆ ಅದು ಸೆಕೆಂಡಿಗೆ 13.3 ಸಲ ಕುಣಿಯತ್ತೆ. 30 ಕೆಜಿಗೆ ಇಳಿಸಿದ್ರೆ 13.8 ಸಲ. ಮೂರು ಪರ್ಸೆಂಟ್ ವ್ಯತ್ಯಾಸ. ದೊಡ್ಡದಲ್ಲ, ಸುಳ್ಳೂ ಅಲ್ಲ. ಡ್ಯಾಂಪರ್‌ಗೆ ಕೆಲಸ ಕಮ್ಮಿ, ಸ್ಟಿಯರಿಂಗ್‌ನಲ್ಲಿ ರಸ್ತೆ ಚೆನ್ನಾಗಿ ಗೊತ್ತಾಗತ್ತೆ.

ಅಂದ್ರೆ ಹಗುರವಾದ ವೀಲ್ ಒಳ್ಳೇದೇ. ಆದ್ರೆ ಅದು ಕೊಡೋದು ಒಂದು, ಮೂರು ಪರ್ಸೆಂಟಿನ ಲಾಭ. ಅಷ್ಟಕ್ಕೋಸ್ಕರ ಬೇರೆ ಏನನ್ನ ಬಿಟ್ಟುಕೊಡಬಾರದು ಅನ್ನೋದೇ ಅಸಲಿ ಪ್ರಶ್ನೆ.

ಮೊದಲನೇ ಕಾಲಂ: ಕೂರತ್ತಾ?

ಎಂಎಕ್ಸ್-5ರ ಈಗಿನ ತಲೆಮಾರಿನ ಕಾರಿಗೆ ನಾಲ್ಕು ಬೋಲ್ಟು. ನಾಲ್ಕರ ಮಧ್ಯದಿಂದ ಹಾದು ಹೋಗೋ ವೃತ್ತದ ವ್ಯಾಸ 100 ಮಿಮೀ. ಇದನ್ನ ಪಿಸಿಡಿ ಅಂತಾರೆ, 4×100 ಅಂತ ಬರೀತಾರೆ. ವೀಲ್ ಮಧ್ಯದ ತೂತು, ಅಂದ್ರೆ ಸೆಂಟರ್ ಬೋರ್, 54.1 ಮಿಮೀ.

ನಮ್ಮ ಕ್ಯಾಂಪಸ್ ಪಾರ್ಕಿಂಗ್‌ನಲ್ಲಿ ಒಂದು ಹಳೇ ಹೋಂಡಾ ಸಿಟಿ ನಿಲ್ಲತ್ತೆ. ಅದೂ 4×100. ಹಾಗಾದ್ರೆ ಅದರ ವೀಲ್ ಮಾಜ್ದಾಗೆ ಹಾಕಬಹುದಾ? ಬೋಲ್ಟ್ ಸರಿಯಾಗೇ ಒಳಗೆ ಹೋಗತ್ತೆ. ಆದ್ರೆ ಹೋಂಡಾದ ಸೆಂಟರ್ ಬೋರ್ 56.1 ಮಿಮೀ. ಎರಡು ಮಿಮೀ ಆಟ ಉಳಿಯತ್ತೆ. ಸರಿಯಾದ ಅಳತೆಯ ಹಬ್ ರಿಂಗ್ ಹಾಕದಿದ್ರೆ ವೀಲ್ ಮಧ್ಯಕ್ಕೆ ಕೂರದೆ ವೇಗದಲ್ಲಿ ನಡುಗಬಹುದು. ಉಲ್ಟಾ ಮಾಡಿದ್ರೆ, ಮಾಜ್ದಾ ವೀಲ್ ಹೋಂಡಾ ಹಬ್ ಮೇಲೆ ಕೂರೋದೇ ಇಲ್ಲ.

ಇದಕ್ಕಿಂತ ಮೋಸದ್ದು ನಟ್. ಎರಡೂ ಕಾರಿನ ನಟ್‌ನ ಮರೆ ಒಂದೇ, ವ್ಯಾಸ 12 ಮಿಮೀ, ಪಿಚ್ 1.5. ಕೈಯಲ್ಲಿ ಸಲೀಸಾಗಿ ತಿರುಗತ್ತೆ. ಆದ್ರೆ ಹೋಂಡಾ ಕಂಪನಿ ವೀಲ್‌ನಲ್ಲಿ ನಟ್ ಕೂರೋ ಜಾಗ ಚೆಂಡಿನ ಹಾಗೆ ದುಂಡಗಿರತ್ತೆ. ಮಾಜ್ದಾದ್ದು ಶಂಕುವಿನ ಹಾಗೆ ಓರೆ. ದುಂಡು ನಟ್ಟನ್ನ ಓರೆ ತೂತಿಗೆ ಬಿಗಿದ್ರೆ ಪೂರ್ತಿ ಮೇಲ್ಮೈ ತಾಗೋ ಬದಲು ಒಂದು ತೆಳು ಗೆರೆ ಮಾತ್ರ ತಾಗತ್ತೆ. ಬಿಗಿಯಾದ ಹಾಗೆ ಕಾಣತ್ತೆ, ಓಡ್ತಾ ಓಡ್ತಾ ಸಡಿಲ ಆಗತ್ತೆ. ವೀಲ್ ಬೋಲ್ಟ್ ಮೇಲೆ ನೇತಾಡ್ತಾ ಇರಲ್ಲ, ಬೋಲ್ಟಿನ ಬಿಗಿತದಿಂದ ಹುಟ್ಟೋ ಘರ್ಷಣೆ ಅದನ್ನ ಹಬ್‌ಗೆ ಹಿಡಿದಿಟ್ಟಿರತ್ತೆ. ಬಿಗಿತ ಹೋದ್ರೆ ಎಲ್ಲ ಹೋಯ್ತು. ನಮ್ಮ ಮೊದಲನೇ ಶೀಟಿನಲ್ಲಿ ನಟ್ ಸೀಟ್ ಕಾಲಂ ಕೂಡ ಇರಲಿಲ್ಲ, ಹೇಳೋಕೆ ನಾಚಿಕೆ ಆಗತ್ತೆ.

ಆಮೇಲೆ ಆಫ್‌ಸೆಟ್. ವೀಲ್‌ನ ಅಗಲದ ಮಧ್ಯರೇಖೆಗೂ ಅದು ಹಬ್‌ಗೆ ತಾಗೋ ಮುಖಕ್ಕೂ ಇರೋ ದೂರ ಇದು. ಅಣ್ಣನ ಕಾರಿನ ಮೂಲ ವೀಲ್ 7 ಇಂಚು ಅಗಲ, ಆಫ್‌ಸೆಟ್ +45 ಮಿಮೀ. ಅವರಿಗೆ ಬೇಕಿರೋದು 8 ಇಂಚು. ಒಂದು ಇಂಚು ಅಂದ್ರೆ 25.4 ಮಿಮೀ. ಆಫ್‌ಸೆಟ್ ಹಾಗೇ +45 ಇಟ್ರೆ ಒಳಗೆ 12.7, ಹೊರಗೆ 12.7 ಮಿಮೀ ಬೆಳೆಯತ್ತೆ. +35 ತಗೊಂಡ್ರೆ ವೀಲ್ ಪೂರ್ತಿ 10 ಮಿಮೀ ಹೊರಗೆ ಸರಿಯತ್ತೆ: ಒಳಗೆ ಬರೀ 2.7, ಹೊರಗೆ 22.7. ಆಗ ಟೈರ್ ಫೆಂಡರ್‌ಗೆ ಉಜ್ಜಬಹುದು. ಉಜ್ಜದಿದ್ರೂ ಟೈರ್ ನೆಲ ಮುಟ್ಟೋ ಜಾಗ ಸ್ಟಿಯರಿಂಗ್ ಅಕ್ಷದಿಂದ ದೂರ ಹೋಗತ್ತೆ. ಬ್ರೇಕ್ ಹಾಕಿದಾಗ ಒಂದು ಚಕ್ರಕ್ಕೆ ಹಿಡಿತ ಜಾಸ್ತಿ ಸಿಕ್ಕಿದ್ರೆ ಸ್ಟಿಯರಿಂಗ್ ಆ ಕಡೆ ಎಳೆಯತ್ತೆ.

ಕಸ್ಟಮ್ ಅನ್ನೋ ಪದಕ್ಕೆ ಅರ್ಥ ಬರೋದು ಇಲ್ಲೇ. ಬಣ್ಣ, ಹೆಸರು ಕೊರೆಸೋದು ಎಲ್ಲ ಆಮೇಲೆ. ಕಸ್ಟಮ್ ವೀಲ್ ಮಾಡೋರು ಫೋರ್ಜ್ ಮಾಡಿದ ಅಲ್ಯೂಮಿನಿಯಂ ಗಟ್ಟಿಯನ್ನ ಸಿಎನ್‌ಸಿ ಮಷೀನಿನಲ್ಲಿ ಕೊರೆದು ಮಾಡ್ತಾರೆ. ಹಾಗಾಗಿ ಕ್ಯಾಟಲಾಗ್‌ನಲ್ಲಿ ಇಲ್ಲದ +42ನ್ನೂ ಕೇಳಬಹುದು. ಅಣ್ಣನ ಕೈಯಲ್ಲಿ ಅಳತೆ ತೆಗೆಸಿದಾಗ ನಮಗೆ ಬಂದ ಉತ್ತರ ಅದೇ: ಒಳಗೆ 9.7, ಹೊರಗೆ 15.7 ಮಿಮೀ. ಡ್ಯಾಂಪರ್‌ಗೂ ತಾಗಲ್ಲ, ಫೆಂಡರ್‌ಗೂ ತಾಗಲ್ಲ. ಆದ್ರೆ ಇದರ ಇನ್ನೊಂದು ಮುಖ ಏನಂದ್ರೆ, ಅಳತೆ ತಪ್ಪು ಕೊಟ್ರೆ ತಪ್ಪು ನಿಮ್ಮದೇ. ನಿಮ್ಮ ಸಂಖ್ಯೆಗೆ ಕೊರೆದ ವೀಲ್‌ನ ಬೇರೆ ಯಾರು ತಗೋತಾರೆ?

ಬ್ರೇಕ್ ಮರೀಬೇಡಿ. ವೀಲ್ ಒಳಗೆ ಕ್ಯಾಲಿಪರ್ ಕೂತಿರತ್ತೆ. ಅದರ ಆಕಾರವನ್ನ ರಟ್ಟಿನಲ್ಲಿ ಕತ್ತರಿಸಿ, ವೀಲ್ ಒಳಗೆ ಇಟ್ಟು ತಿರುಗಿಸಿ ನೋಡಬೇಕು. ಸ್ಪೋಕ್‌ನ ಬೆನ್ನಿಗೂ ತಾಗಬಾರದು, ರಿಮ್ ಒಳಮೈಗೂ ತಾಗಬಾರದು. ಬ್ಯಾಲೆನ್ಸ್ ಮಾಡುವಾಗ ಒಳಗೆ ಅಂಟಿಸೋ ತೂಕದ ತುಂಡುಗಳಿಗೂ ಜಾಗ ಬಿಡಬೇಕು.

ಎರಡನೇ ಕಾಲಂ: ಟೈರ್ ಯಾವುದು?

ರಸ್ತೆಗೆ ತಾಗೋದು ಟೈರ್ ಒಂದೇ. ಲ್ಯಾಪ್ ಸಮಯ ಇಳಿಸೋದ್ರಲ್ಲಿ ಒಳ್ಳೇ ಟೈರಿನ ಮುಂದೆ ವೀಲ್‌ನ ಒಂದೆರಡು ಕೆಜಿ ಏನೂ ಅಲ್ಲ. ಅದಕ್ಕೆ ಟೈರ್ ಮೊದಲು ಆರಿಸಿ, ಅದಕ್ಕೆ ತಕ್ಕ ವೀಲ್ ಆಮೇಲೆ. ನಾವು ಉಲ್ಟಾ ಮಾಡಿದ್ವಿ.

ಅಣ್ಣ 215/45 ಆರಿಸಿದ್ರು. ವ್ಯಾಸ 625 ಮಿಮೀ, ಮೊದಲಿದ್ದ 616ಕ್ಕಿಂತ 1.5 ಪರ್ಸೆಂಟ್ ಜಾಸ್ತಿ. ಗೇರಿಂಗ್ ಅಷ್ಟೇ ಉದ್ದ ಆಗತ್ತೆ, ಅಂದ್ರೆ ಚಕ್ರ ನೆಲವನ್ನ ತಳ್ಳೋ ಬಲ ಅಷ್ಟೇ ಇಳಿಯತ್ತೆ. ಗಮನಿಸಿ, ಹಗುರ ಮಾಡಿ ಗಳಿಸಿದ ಒಂದು ಪರ್ಸೆಂಟ್ ಇಲ್ಲೇ ಖರ್ಚಾಯ್ತು! ಆದ್ರೆ 8 ಇಂಚಿನ ವೀಲ್ ಮೇಲೆ ಈ ಟೈರಿನ ಪಕ್ಕದ ಗೋಡೆ ನೆಟ್ಟಗೆ ನಿಲ್ಲತ್ತೆ, ತಿರುವಿನಲ್ಲಿ ಮಡಚಿಕೊಳ್ಳೋದು ಕಮ್ಮಿ. ಕೊಟ್ಟಿದ್ದಕ್ಕಿಂತ ಪಡೆದಿದ್ದು ಜಾಸ್ತಿ.

ದೊಡ್ಡ ವೀಲ್ ಚೆನ್ನಾಗಿ ಕಾಣತ್ತೆ ಅಂತ 18 ಇಂಚಿಗೆ ಹೋಗೋರು ಇದ್ದಾರೆ. ತೂಕ ಹೊರಗೆ ಸರಿಯತ್ತೆ, ಕೆ ಬೆಳೆಯತ್ತೆ. ಬ್ರೇಕ್ ಒಳಗೆ ಹಿಡಿಸೋ ಅತಿ ಚಿಕ್ಕ ವ್ಯಾಸವೇ ಸಾಮಾನ್ಯವಾಗಿ ಟ್ರ್ಯಾಕಿಗೆ ವಾಸಿ. ಆದ್ರೆ ಆ ಅಳತೆಯಲ್ಲಿ ಒಳ್ಳೇ ಟೈರ್ ಸಿಗಬೇಕು, ಇಲ್ಲದಿದ್ರೆ ಪ್ರಯೋಜನ ಇಲ್ಲ.

ಮೂರನೇ ಕಾಲಂ: ತಡ್ಕೊಳತ್ತಾ?

ಈ ಕಾಲಂಗೋಸ್ಕರವೇ ನಾವು ಲೇಖನ ಬರೆದಿದ್ದು.

1,100 ಕೆಜಿ ಕಾರು ನಿಂತಿದ್ದಾಗ ಒಂದೊಂದು ಚಕ್ರದ ಮೇಲೆ ಸುಮಾರು 275 ಕೆಜಿ. ತಿರುವಿನಲ್ಲಿ ಹಾಗಿರಲ್ಲ. ಬಸ್ಸು ಬಲಕ್ಕೆ ತಿರುಗಿದ್ರೆ ನಾವು ಎಡಕ್ಕೆ ವಾಲ್ತೀವಲ್ಲ, ಭಾರವೂ ಹಾಗೇ ಹೊರಗಿನ ಚಕ್ರಗಳ ಕಡೆ ಹೋಗತ್ತೆ. ಎಷ್ಟು? ಭಾರಕೇಂದ್ರದ ಎತ್ತರ 0.45 ಮೀಟರ್, ಎಡ-ಬಲ ಚಕ್ರಗಳ ನಡುವೆ 1.5 ಮೀಟರ್, ತಿರುವಿನ ವೇಗೋತ್ಕರ್ಷ ಒಂದು ಜಿ ಅಂತ ಇಟ್ಕೊಳ್ಳಿ. 1,100 × 0.45 ÷ 1.5 = 330 ಕೆಜಿ ಹೊರಗಡೆಗೆ ಸರಿಯತ್ತೆ. ಹೊರಗಿನ ಎರಡು ಚಕ್ರ ಸೇರಿ 880 ಕೆಜಿ, ಸಮ ಹಂಚಿದ್ರೆ ಒಂದಕ್ಕೆ 440. ನಿಂತಿದ್ದಾಗಿನ 1.6 ಪಟ್ಟು.

ಇದು ಕೆಳಮುಖವಾಗಿ ಮಾತ್ರ. ಅದೇ ಹೊತ್ತಿಗೆ ಟೈರಿನ ತಳದಲ್ಲಿ ಅಷ್ಟೇ ಬಲ ಪಕ್ಕಕ್ಕೆ ಎಳೀತಿರತ್ತೆ. ಸುಮಾರು 4,300 ನ್ಯೂಟನ್, ಹಬ್‌ನಿಂದ 0.31 ಮೀಟರ್ ಕೆಳಗೆ. ಬಾಗಿಸೋ ಮೊಮೆಂಟ್ ಸುಮಾರು 1,340 ನ್ಯೂಟನ್-ಮೀಟರ್. ಒಂದು ಮೀಟರ್ ಉದ್ದದ ಸ್ಪ್ಯಾನರ್ ತುದಿಗೆ 68 ಕೆಜಿಯ ಇಬ್ಬರು ಹುಡುಗರು ನೇತಾಡಿದ ಹಾಗೆ. ಅದನ್ನ ಹಬ್‌ಗೆ ಮುಟ್ಟಿಸಬೇಕಾದ್ದು ನಾವು ಹಗುರ ಮಾಡೋಕೆ ಹೊರಟಿರೋ ಆ ತೆಳು ಸ್ಪೋಕ್‌ಗಳು.

ಬ್ರಾಂಡ್ಸ್ ಹ್ಯಾಚ್‌ನ ಮೊದಲ ತಿರುವು ಪ್ಯಾಡಕ್ ಹಿಲ್. ಬಲಕ್ಕೆ ತಿರುಗ್ತಾ ತಿರುಗ್ತಾ ರಸ್ತೆ ಗುಡ್ಡ ಇಳಿಯತ್ತೆ, ತಳದಲ್ಲಿ ಹಳ್ಳಕ್ಕೆ ಬಿದ್ದ ಹಾಗೆ ಕಾರು ಕೆಳಗೆ ಒತ್ತಿಕೊಳ್ಳತ್ತೆ. ಅಲ್ಲಿ ಎಡಗಡೆ ಚಕ್ರಗಳ ಮೇಲೆ ಈ 440ಕ್ಕಿಂತಲೂ ಜಾಸ್ತಿ ಬೀಳತ್ತೆ. ಅಂಥ ಜಾಗಕ್ಕೆ ನಾವು 290 ಕೆಜಿ ವೀಲ್ ಕಳಿಸೋಕೆ ಹೊರಟಿದ್ವಿ.

ನ್ಯಾಯವಾಗಿ ಹೇಳಬೇಕಂದ್ರೆ, ಲೋಡ್ ರೇಟಿಂಗ್ ಅನ್ನೋದು ನಿಂತ ಭಾರದ ಲೆಕ್ಕ. ಆ ಸಂಖ್ಯೆ ಕೊಡೋ ಮುಂಚೆ ಅದಕ್ಕಿಂತ ತುಂಬಾ ಜಾಸ್ತಿ ಬಲ ಹಾಕಿ ಪರೀಕ್ಷೆ ಮಾಡಿರ್ತಾರೆ. ಮೂರು ಪರೀಕ್ಷೆ ಮುಖ್ಯ: ಬಾಗಿಸ್ತಾ ತಿರುಗಿಸೋದು, ಭಾರ ಒತ್ತಿ ಉರುಳಿಸೋದು, ಓರೆಯಾಗಿಟ್ಟು ಮೇಲಿಂದ ತೂಕ ಬೀಳಿಸೋದು. ಹಾಗಾಗಿ 440 ಬಂತು ಅಂತ 441ರ ವೀಲ್ ಹುಡುಕಬೇಕಿಲ್ಲ. ಕನಿಷ್ಠ ನಿಯಮ ಇಷ್ಟು: ಕಾರಿನ ಪ್ಲೇಟ್ ಮೇಲೆ ಬರೆದಿರೋ ಹೆಚ್ಚು ಭಾರದ ಆಕ್ಸಲ್‌ನ ಮಿತಿ ತಗೊಂಡು ಎರಡರಿಂದ ಭಾಗಿಸಿ. ವೀಲ್‌ನ ರೇಟಿಂಗ್ ಅದಕ್ಕಿಂತ ಕಮ್ಮಿ ಇರಲೇಬಾರದು. ಎಂಎಕ್ಸ್-5ಕ್ಕೆ ಆ ಅರ್ಧವೇ 300 ದಾಟತ್ತೆ. ನಮ್ಮ ಹಳದಿ ವೀಲ್ ಈ ಕನಿಷ್ಠ ನಿಯಮದಲ್ಲೇ ಫೇಲು. ಟ್ರ್ಯಾಕಿಗೆ ಹೋಗೋ ಕಾರಿಗೆ ಅದರ ಮೇಲೆ ಧಾರಾಳವಾಗಿ ಬಿಡಬೇಕು.

ಯಾಕೆ ಧಾರಾಳ? ಫಟೀಗ್. ಬ್ರಾಂಡ್ಸ್ ಹ್ಯಾಚ್‌ನ ಚಿಕ್ಕ ಟ್ರ್ಯಾಕು ಸುಮಾರು 1.94 ಕಿಲೋಮೀಟರ್. ಅಣ್ಣನ ಟೈರಿನ ಸುತ್ತಳತೆ 1.96 ಮೀಟರ್. ಅಂದ್ರೆ ಒಂದು ಲ್ಯಾಪ್‌ಗೆ ಚಕ್ರ ಸುಮಾರು 1,000 ಸಲ ತಿರುಗತ್ತೆ. ತಿರುವಿನಲ್ಲಿ ಒಂದೊಂದು ಸುತ್ತಿಗೂ ಪ್ರತಿ ಸ್ಪೋಕ್ ಒಂದು ಸಲ ಎಳೆಸಿಕೊಂಡು ಒಂದು ಸಲ ಒತ್ತಿಸಿಕೊಳ್ಳತ್ತೆ. ತಂತಿಯನ್ನ ಹಿಂದೆ ಮುಂದೆ ಬಗ್ಗಿಸಿ ತುಂಡು ಮಾಡ್ತೀವಲ್ಲ, ಅದೇ ಕಥೆ, ಬಾಗೋದು ಕಣ್ಣಿಗೆ ಕಾಣಲ್ಲ ಅಷ್ಟೇ.

ಮೆಟೀರಿಯಲ್ ಸೈನ್ಸ್ ಕ್ಲಾಸಿನಲ್ಲಿ ಎಸ್-ಎನ್ ಗ್ರಾಫ್ ಬರೆದಿದ್ದು ನೆನಪಿದೆಯಾ? ಸ್ಟೀಲಿನ ಗೆರೆ ಒಂದು ಕಡೆ ಸಪಾಟಾಗತ್ತೆ. ಅದರ ಕೆಳಗಿನ ಒತ್ತಡಕ್ಕೆ ಎಷ್ಟು ಸುತ್ತು ಬೇಕಾದ್ರೂ ತಿರುಗಬಹುದು. ಅಲ್ಯೂಮಿನಿಯಂ ಗೆರೆ ಹಾಗೆ ಸಪಾಟಾಗಲ್ಲ, ಇಳೀತಾನೇ ಹೋಗತ್ತೆ. ನಾವು ಆ ಗ್ರಾಫನ್ನ ಐದು ಮಾರ್ಕ್ಸ್‌ಗೆ ಬಾಯಿಪಾಠ ಮಾಡಿದ್ವಿ. ಅದರ ಅರ್ಥ ಈಗ ಗೊತ್ತಾಯ್ತು: ಅಲಾಯ್ ವೀಲ್‌ಗೆ ಒಂದೊಂದು ಸುತ್ತೂ ಲೆಕ್ಕಕ್ಕಿದೆ. ಅದೂ ಅಲ್ಲದೆ ಒತ್ತಡ ಹತ್ತು ಪರ್ಸೆಂಟ್ ಏರಿದ್ರೆ ಆಯಸ್ಸು ಹತ್ತು ಪರ್ಸೆಂಟ್ ಮಾತ್ರ ಇಳಿಯಲ್ಲ, ಅದಕ್ಕಿಂತ ಎಷ್ಟೋ ಜಾಸ್ತಿ ಇಳಿಯತ್ತೆ. ಹಗುರ ಮಾಡೋ ಆಸೆಗೆ ಸ್ಪೋಕ್‌ನಿಂದ ಕೆರೆದು ತೆಗೆದ ನೂರಿನ್ನೂರು ಗ್ರಾಂ ಕಿತ್ಕೊಳ್ಳೋದು ಈ ಆಯಸ್ಸನ್ನ.

ಮಾಡೋ ವಿಧಾನವೂ ಇಲ್ಲೇ ಮುಖ್ಯ ಆಗತ್ತೆ. ಎರಕದ ವೀಲ್ ಅಗ್ಗ, ಆದ್ರೆ ಎರಕದೊಳಗೆ ಸಣ್ಣ ಗಾಳಿ ಗುಳ್ಳೆ ಉಳಿದಿದ್ರೆ ಬಿರುಕು ಅಲ್ಲಿಂದ ಶುರು ಆಗತ್ತೆ. ಹಾಗಾಗಿ ದಪ್ಪ ಜಾಸ್ತಿ ಇಡ್ತಾರೆ. ಫ್ಲೋ ಫಾರ್ಮಿಂಗ್‌ನಲ್ಲಿ ಎರಕ ಹೊಯ್ದ ಮೇಲೆ ಸುತ್ತಲಿನ ಬಳೆಯನ್ನ ಬಿಸಿ ಮಾಡಿ, ರೋಲರ್‌ನಲ್ಲಿ ಒತ್ತಿ ತಿರುಗಿಸಿ ಎಳೀತಾರೆ. ಬಳೆ ಗಟ್ಟಿ ಆಗತ್ತೆ, ತೆಳ್ಳಗೂ ಮಾಡಬಹುದು. ತೂಕ ಇಳಿಯೋದು ಸರಿಯಾಗಿ ಹೊರ ಅಂಚಿನಲ್ಲೇ, ಕೆ ಜಾಸ್ತಿ ಇರೋ ಕಡೆ. ಆದ್ರೆ ಸ್ಪೋಕ್ ಇರೋ ಮುಖ ಮಾತ್ರ ಎರಕವೇ ಆಗಿ ಉಳಿಯತ್ತೆ ಅನ್ನೋದು ನೆನಪಿರಲಿ. ಫೋರ್ಜಿಂಗ್‌ನಲ್ಲಿ ಪೂರ್ತಿ ಗಟ್ಟಿಯನ್ನ ದೊಡ್ಡ ಪ್ರೆಸ್‌ನಲ್ಲಿ ಒತ್ತುತಾರೆ, ಗುಳ್ಳೆ ಉಳಿಯಲ್ಲ. ಅದೇ ಬಲಕ್ಕೆ ಕಮ್ಮಿ ಲೋಹ ಸಾಕು, ಬೆಲೆ ಜಾಸ್ತಿ.

ಮೆಗ್ನೀಷಿಯಂ? ಫಾರ್ಮುಲಾ ಒನ್ ಕಾರಿಗೆ ಅದನ್ನೇ ಹಾಕ್ತಾರೆ. ಲೆಕ್ಕ ಮಜವಾಗಿದೆ. ಅಲ್ಯೂಮಿನಿಯಂ ಸಾಂದ್ರತೆ 2.7, ಯಂಗ್ಸ್ ಮಾಡ್ಯುಲಸ್ 69 ಗಿಗಾಪ್ಯಾಸ್ಕಲ್. ಮೆಗ್ನೀಷಿಯಂಗೆ ಸುಮಾರು 1.8 ಮತ್ತು 45. ಭಾಗಿಸಿದ್ರೆ ಎರಡೂ 25ರ ಆಸುಪಾಸು, ವ್ಯತ್ಯಾಸವೇ ಇಲ್ಲ! ಲಾಭ ಬರೋದು ದಪ್ಪದಿಂದ. ಅದೇ ತೂಕದಲ್ಲಿ ಒಂದೂವರೆ ಪಟ್ಟು ದಪ್ಪ ಮಾಡಬಹುದು, ಬಾಗದೆ ನಿಲ್ಲೋ ಗುಣ ದಪ್ಪದ ಘನಕ್ಕೆ ತಕ್ಕಂತೆ ಬೆಳೆಯತ್ತೆ. ಹಾಗಾಗಿ ಅದೇ ತೂಕದ ಹಲಗೆ 2.2 ಪಟ್ಟು ಬಿಗಿ. ಆದ್ರೆ ಇಂಗ್ಲೆಂಡಿನಲ್ಲಿ ಚಳಿಗಾಲಕ್ಕೆ ರಸ್ತೆಗೆ ಉಪ್ಪು ಹಾಕ್ತಾರೆ. ಉಪ್ಪು ನೀರು, ಸ್ಟೀಲ್ ಬೋಲ್ಟು, ಮೆಗ್ನೀಷಿಯಂ ಮೂರೂ ಸೇರಿದ್ರೆ ಬ್ಯಾಟರಿ ಆಯ್ತು, ತಿನ್ನಿಸಿಕೊಳ್ಳೋದು ಮೆಗ್ನೀಷಿಯಂ. ದಿನಾ ಆಫೀಸಿಗೆ ಹೋಗೋ ಕಾರಿಗೆ ಬೇಡ ಅಂತ ತೆಗೆದುಹಾಕಿದ್ವಿ.

ಕೊನೇ ಕಾಲಂ: ತೂಕ

ಈ ಮೂರು ಜರಡಿಯಲ್ಲಿ ಸೋಸಿದ ಮೇಲೆ 22ರಲ್ಲಿ ಉಳಿದಿದ್ದು 4. ಈಗ ತೂಕ ನೋಡಿ ಸಾರ್ಟ್ ಮಾಡಿದ್ವಿ. ಈಗ ಅದಕ್ಕೆ ಅರ್ಥ ಇದೆ, ಯಾಕಂದ್ರೆ ಉಳಿದ ನಾಲ್ಕೂ ಕೂರತ್ತೆ, ನಾಲ್ಕೂ ತಡ್ಕೊಳತ್ತೆ.

ಇಲ್ಲೂ ಒಂದು ಎಚ್ಚರ. ಜಪಾನಿನ ರೇಸ್ ಕಂಪನಿಯ ಟಿಇ37 ಅನ್ನೋ ವೀಲ್ 1996ರಲ್ಲಿ ಬಂತು, ಇವತ್ತಿಗೂ ಫೇಮಸ್. ಹೆಸರಿನ 37 ಅಂದ್ರೆ 3.7 ಕೆಜಿ. ಆದ್ರೆ ಆ ತೂಕ 15 ಇಂಚಿನ, 6 ಇಂಚು ಅಗಲದ ಅಳತೆಗೆ ಮಾತ್ರ. ಅದೇ ಹೆಸರಿನ 17 ಇಂಚಿನದು ಅಷ್ಟು ಹಗುರ ಇರೋಕೆ ಸಾಧ್ಯ ಇಲ್ಲ. ತೂಕ ಕೇಳುವಾಗ ನಿಮಗೆ ಬೇಕಾದ ಅಳತೆ, ಆಫ್‌ಸೆಟ್‌ನದ್ದೇ ಕೇಳಿ. ಅಳತೆ ಹೇಳದೆ ತೂಕ ಮಾತ್ರ ಹೇಳಿದ್ರೆ ಅದು ಮಾಹಿತಿ ಅಲ್ಲ, ಜಾಹೀರಾತು.

ಅಣ್ಣ ಕೊನೆಗೆ ಆರ್ಡರ್ ಮಾಡಿದ್ದು 17×8, +42, ಫೋರ್ಜ್ ಮಾಡಿದ ಅಲ್ಯೂಮಿನಿಯಂ, ಲೋಡ್ ರೇಟಿಂಗ್ 500 ಕೆಜಿ ಮೇಲೆ. ನಮ್ಮ ಹಳದಿ ವೀಲ್‌ಗಿಂತ ಒಂದೊಂದೂ 1.4 ಕೆಜಿ ಭಾರ. ಲೆಕ್ಕ ಹಾಕಿದ್ವಿ: ನಾಲ್ಕಕ್ಕೆ 5.6, ಗುಣಾಂಕ 1.34, ಒಟ್ಟು 7.5 ಕೆಜಿ. ಹತ್ತು ಲೀಟರ್ ಪೆಟ್ರೋಲ್ ತೂಕ. ಸುರಕ್ಷತೆಗೆ ನಾವು ಕೊಟ್ಟ ಬೆಲೆ ಅಷ್ಟೇ. ಈಗ ಪ್ರತಿ ಟ್ರ್ಯಾಕ್ ಡೇ ಮುಗಿದ ಮೇಲೆ ಅಣ್ಣ ವೀಲ್ ತೊಳೆದು, ಸ್ಪೋಕ್ ಬುಡ ಮತ್ತು ಬೋಲ್ಟ್ ತೂತಿನ ಸುತ್ತ ಟಾರ್ಚ್ ಹಿಡಿದು ಬಿರುಕು ಹುಡುಕ್ತಾರೆ, ಟಾರ್ಕ್ ರೆಂಚ್‌ನಲ್ಲಿ ನಟ್ ಮತ್ತೆ ನೋಡ್ತಾರೆ. ಫೋಟೋ ನಮಗೂ ಕಳಿಸ್ತಾರೆ. ನಾವು ಕೇಳಿದ್ದಕ್ಕೇ.

ನೀವೇ ಮಾಡಿ ನೋಡಿ

2ರ ಮಿತಿ ನಂಬಿಕೆ ಬರದಿದ್ರೆ ಹಾಸ್ಟೆಲ್ ರ‍್ಯಾಂಪ್ ಸಾಕು. ಸೈಕಲ್‌ನ ಮುಂದಿನ ಚಕ್ರ ಬಿಚ್ಚಿ, ರ‍್ಯಾಂಪ್ ಮೇಲಿಂದ ತಳ್ಳದೆ ಬಿಡಿ, ಕೆಳಗೆ ಬರೋಕೆ ಎಷ್ಟು ಸೆಕೆಂಡ್ ಅಂತ ಮೊಬೈಲ್‌ನಲ್ಲಿ ಅಳೀರಿ. ಗುಣಾಂಕ ಹೀಗೆ ಸಿಗತ್ತೆ: 9.81 × ರ‍್ಯಾಂಪ್ ಎತ್ತರ × ಸಮಯದ ವರ್ಗ ÷ (2 × ಉದ್ದದ ವರ್ಗ). ನಮ್ಮ ರ‍್ಯಾಂಪ್‌ನಲ್ಲಿ 4 ಮೀಟರ್ ಉದ್ದ, 40 ಸೆಂಟಿಮೀಟರ್ ಎತ್ತರ ಗುರುತು ಮಾಡ್ಕೊಂಡ್ವಿ. ಹತ್ತು ಸಲ ಬಿಟ್ಟು ಸರಾಸರಿ ತೆಗೆದ್ರೆ 3.9 ಸೆಕೆಂಡ್. ಗುಣಾಂಕ 1.87. ಸೈಕಲ್ ಚಕ್ರದಲ್ಲಿ ತೂಕ ಹೆಚ್ಚುಕಮ್ಮಿ ಎಲ್ಲ ಅಂಚಿನಲ್ಲೇ ಇದೆ, ಆದ್ರೂ 2 ಮುಟ್ಟಲಿಲ್ಲ.

ನಮ್ಮಲ್ಲಿ ಎಷ್ಟೋ ಜನಕ್ಕೆ ಟ್ರ್ಯಾಕ್ ಕಾರು ಇಲ್ಲ, ಸದ್ಯಕ್ಕಂತೂ ಬರಲ್ಲ. ಆದ್ರೆ ಮನೆಯ ಕಾರಿಗೆ ಅಲಾಯ್ ಹಾಕಿಸೋಕೆ ಅಪ್ಪನ ಜೊತೆ ಜೆಸಿ ರೋಡಿಗೆ ಹೋಗೋ ದಿನ ಬಂದೇ ಬರತ್ತೆ. ಅವತ್ತು ಅಂಗಡಿಯಲ್ಲಿ ವೀಲ್‌ನ ಮುಂಭಾಗ ನೋಡಿದ ಮೇಲೆ ತಿರುಗಿಸಿ ಬೆನ್ನನ್ನೂ ನೋಡಿ. ಅಗಲ, ಆಫ್‌ಸೆಟ್, ಲೋಡ್, ಪರೀಕ್ಷೆಯ ಗುರುತು ಅಲ್ಲಿ ಅಚ್ಚಾಗಿರಬೇಕು. ಜಪಾನಿನ ಗುರುತುಗಳಲ್ಲಿ ಜೆಡಬ್ಲ್ಯುಎಲ್ ಅಂದ್ರೆ ತಯಾರಿಸಿದವರೇ ಪರೀಕ್ಷೆ ಮಾಡಿದೀವಿ ಅಂತ ಹೇಳೋದು, ವಿಐಎ ಅಂದ್ರೆ ಹೊರಗಿನ ಸಂಸ್ಥೆಯೂ ನೋಡಿದೆ ಅಂತ. ಲೋಡ್ ಸಂಖ್ಯೆ ಎಲ್ಲೂ ಇಲ್ಲದಿದ್ರೆ ಅಣ್ಣ ನಮ್ಮನ್ನ ಕೇಳಿದ ಪ್ರಶ್ನೆಯನ್ನೇ ನೀವೂ ಕೇಳಿ.